ಗಂಡ ಕತೆಯಲ್ಲಿ ಸುಮ್ಮನೆ ಇರಬಾರದೇ? ಕಥಾಸ್ಪರ್ಧೆಯ ತೀರ್ಪುಗಾರರಿಗೊಂದು ಬಹಿರಂಗ ಪತ್ರ

ಕನ್ನಡದ ವಿಶೇಷಾಂಕಗಳ ಸಂಪಾದಕರಿಗೆ, ಕಥಾಸ್ಪರ್ಧೆಗಳ ತೀರ್ಪುಗಾರರಿಗೆ, ಕತೆ, ಕಾದಂಬರಿ, ಚಿತ್ರಕತೆ ಬರೆಯುವ ಎಲ್ಲರಿಗೂ,

ಮಾನ್ಯರೇ,

ನಾನು ಲೇಖಕಿಯಲ್ಲ, ವಿಮರ್ಶಕಿಯೂ ಅಲ್ಲ. ಅರಸೀಕೆರೆಯಲ್ಲಿ 1989ರಿಂದ 2012ರವರೆಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದವಳು. ಲೈಬ್ರರಿ ಅಂದರೆ ದೊಡ್ಡ ಮಾತಾಯಿತು. ಈ ಕಡೆ ಟೈಲರ್, ಆ ಕಡೆ ನ್ಯಾಯಬೆಲೆ ಅಂಗಡಿ, ನಡುವೆ ಒಂದು ಸಣ್ಣ ಮಳಿಗೆ. ಮೂರು ಗೋಡೆಗೆ ಕಪಾಟು, ಬಾಗಿಲಿಗೆ ಅಡ್ಡಲಾಗಿ ಒಂದು ಮೇಜು, ಮೇಜಿನ ಹಿಂದೆ ನಾನು. 50 ರೂಪಾಯಿ ಠೇವಣಿ, ದಿನಕ್ಕೆ ಎಂಟಾಣೆ, ಮೂರು ದಿನ ಮೀರಿದರೆ ದುಪ್ಪಟ್ಟು. ಯಾವ ಪುಸ್ತಕ ಒಂದೇ ರಾತ್ರಿಯಲ್ಲಿ ಓದಿಸಿಕೊಂಡು ಬೆಳಿಗ್ಗೆಗೆಲ್ಲ ವಾಪಸ್ ಬರುತ್ತದೆ, ಯಾವುದು ಹದಿನೈದು ದಿನ ಟಿವಿ ಮೇಲೆ ಕೂತಿದ್ದು ಬರುತ್ತದೆ, ಯಾವುದರ ಎಷ್ಟನೇ ಪುಟದಲ್ಲಿ ಹುಳಿಯ ಕಲೆ ಇದೆ, ಇಷ್ಟೇ ನನ್ನ ಸಾಹಿತ್ಯಜ್ಞಾನ. ಅದನ್ನೇ ನಂಬಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಂದು ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕತೆ ಕಳಿಸಿದೆ. ಬಹುಮಾನ ಬರಲಿಲ್ಲ. ನನ್ನ ದೂರು ಅದಲ್ಲ. ಬಹುಮಾನ ಬರದವರೆಲ್ಲ ಪತ್ರ ಬರೆಯತೊಡಗಿದರೆ ಅಂಚೆ ಇಲಾಖೆ ಲಾಭಕ್ಕೆ ಬಂದೀತು. ಫಲಿತಾಂಶ ಬಂದ ಮೇಲೆ ಅಲ್ಲಿಂದ ಒಬ್ಬರು ತಾವಾಗಿಯೇ ಫೋನ್ ಮಾಡಿದರು. ಪತ್ರಿಕೆಯ ಹೆಸರು, ಅವರ ಹೆಸರು ಎರಡೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಕತೆ ಕೊನೆಯ ಸುತ್ತಿನವರೆಗೂ ಬಂದಿತ್ತಂತೆ, ಒಂದು ಸಣ್ಣ ಬದಲಾವಣೆ ಮಾಡಿಕೊಟ್ಟರೆ ಬೇರೆ ಸಂಚಿಕೆಯಲ್ಲಿ ಹಾಕಬಹುದಂತೆ. ಆ ಸಣ್ಣ ಬದಲಾವಣೆ ಏನೆಂದು ತಿಳಿಯಬೇಕಾದರೆ ಕತೆ ಏನೆಂದು ಮೊದಲು ಹೇಳಬೇಕು.

ಅದು ನಡೆದದ್ದೇ. 1997ರ ಮಳೆಗಾಲದಲ್ಲಿ ನಮ್ಮ ಲೈಬ್ರರಿಯ ಕಾದಂಬರಿಗಳ ಕೊನೆಯ ಪುಟ ಕಾಣೆಯಾಗತೊಡಗಿತು. ಒಂದಾದ ಮೇಲೊಂದು. ಓದಿದವರು ಸಿಟ್ಟಿನಿಂದ ಬಂದು, "ಕೊನೆಗೆ ಅವಳು ಒಪ್ಪಿದ್ಲಾ, ಇಲ್ವಾ? ಅಷ್ಟಾದ್ರೂ ಹೇಳಿ" ಎಂದು ಮೇಜು ಕುಟ್ಟುತ್ತಿದ್ದರು. ನಾನು ಬಾಯಲ್ಲೇ ಕತೆ ಮುಗಿಸಿ ಕಳಿಸುತ್ತಿದ್ದೆ. ಮದುವೆ ನಿಶ್ಚಯವಾಗಿದ್ದ ಒಬ್ಬ ಹುಡುಗಿಯ ಮೇಲೆ ಅನುಮಾನ ಬಂತು. ಪುಸ್ತಕದ ಅಂಚಿನಲ್ಲೆಲ್ಲ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುತ್ತಿದ್ದ ಒಬ್ಬ ನಿವೃತ್ತರ ಮೇಲೂ ಬಂತು; ಸಕ್ಕರೆ ಕೇಳುವ ನೆಪ ಮಾಡಿಕೊಂಡು ಅವರ ಮನೆಗೇ ಹೋಗಿ ಬಂದೆ. ಏನೂ ಸಿಗಲಿಲ್ಲ.

ನಮ್ಮ ಯಜಮಾನರು ಆಗ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್. ಒಂದು ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಬಂದು, ಅಡುಗೆಮನೆಯಲ್ಲಿ ನಿಂತೇ ತಣ್ಣಗಾದ ಚಿತ್ರಾನ್ನ ತಿನ್ನುತ್ತ, ಎಡಗೈಯಲ್ಲಿ ಹರಿದ ಪುಸ್ತಕವೊಂದನ್ನು ತಿರುಗಿಸಿ ನೋಡಿದರು. ವ್ಯಾಗನ್ನುಗಳ ಸೀಲ್ ನೋಡಿ ನೋಡಿ ಪಳಗಿದ ಕಣ್ಣು. "ಕೊನೇ ಪುಟ ಅಲ್ಲ ಕಣೇ ಹೋಗಿರೋದು, ಚೀಟಿ" ಎಂದರು. ಕೈ ತೊಳೆದು ಮಲಗಿಬಿಟ್ಟರು.

ತಾರೀಕಿನ ಮುದ್ರೆ ಒತ್ತುವ ಚೀಟಿಯನ್ನು ನಾನು ಮೈದಾ ಅಂಟು ಹಚ್ಚಿ ಕೊನೆಯ ಪುಟಕ್ಕೇ ಅಂಟಿಸುತ್ತಿದ್ದೆ. ರಿಜಿಸ್ಟರಿನಲ್ಲಿ ಹೆಸರು, ಪುಸ್ತಕದ ನಂಬರು ಬರೆಯುತ್ತಿದ್ದೆನೇ ಹೊರತು ತಾರೀಕು ಚೀಟಿಯ ಮೇಲೆ ಮಾತ್ರ. ಅಮ್ಮನ ಪರವಾಗಿ ಪುಸ್ತಕ ಬದಲಾಯಿಸಲು ಬರುತ್ತಿದ್ದ ಹನ್ನೆರಡು ವರ್ಷದ ಹುಡುಗನೊಬ್ಬ, ಆಕೆ ಕೊಟ್ಟ ದಂಡದ ದುಡ್ಡನ್ನು ಸ್ಟೇಷನ್ನಿನ ಬೋಂಡಾಕ್ಕೆ ಹಾಕಿ, ಚೀಟಿ ಕಿತ್ತು, "ಮೊನ್ನೆ ತಾನೆ ತಗೊಂಡೋಗಿದ್ದು ಆಂಟಿ" ಎನ್ನುತ್ತಿದ್ದ. ಅಂಟು ಗಟ್ಟಿಯಾಗಿದ್ದರಿಂದ ಚೀಟಿಯ ಜೊತೆ ಪುಟವೂ ಕಿತ್ತು ಬರುತ್ತಿತ್ತು. ಸಾಹಿತ್ಯಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇದೇ ಕತೆ. ಈಗ ಫೋನಿನ ಮಾತು.

"ನಿಮ್ಮ ನಾಯಕಿಗೆ ಗಂಡ ಯಾಕಮ್ಮ ಬೇಕು?" ಎಂದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅಂದ್ರೆ, ಕತೇಲಿ ಆತ ಏನು ಮಾಡ್ತಿದಾನೆ ಅಂತ. ಜಗಳ ಇಲ್ಲ, ಅನುಮಾನ ಇಲ್ಲ, ಅಂಗಡಿ ಇಟ್ಟಿದ್ದಕ್ಕೆ ವಿರೋಧವೂ ಇಲ್ಲ. ಬರ್ತಾನೆ, ತಿಂತಾನೆ, ಮಲಗ್ತಾನೆ. ಒಂದೋ ಆತ ಅಡ್ಡಿಯಾಗ್ಬೇಕು, ಇಲ್ಲ ತೀರಿಕೊಂಡಿರ್ಬೇಕು. ಅದೂ ಬೇಡ ಅಂದ್ರೆ ಆಕೆಗೆ ಮದುವೇನೇ ಆಗಿಲ್ಲ ಅಂತ ಮಾಡಿ. ಒಂಟಿ ಹೆಂಗಸು, ಸಣ್ಣ ಊರು, ಪುಸ್ತಕದ ಅಂಗಡಿ. ಕತೆಗೆ ಒಂದು ತೂಕ ಬರತ್ತೆ."

"ಚೀಟಿ ವಿಷಯ ಕಂಡುಹಿಡಿಯೋದು ಆತ ಅಲ್ವಾ ಸರ್?"

"ಅದನ್ನ ಪಕ್ಕದ ಟೈಲರ್ ಬಾಯಲ್ಲಿ ಹೇಳಿಸಿ."

ಒಂಟಿ ಹೆಂಗಸು, ಪಕ್ಕದ ಟೈಲರ್. ಮುಂದಿನ ಪುಟದಲ್ಲಿ ಏನಾಗುತ್ತದೆ ಎಂದು ನನ್ನ ಸದಸ್ಯರು ಕಣ್ಣು ಮುಚ್ಚಿಕೊಂಡು ಹೇಳಿಯಾರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕತೆಗೆ ಬೇಡವಾದ ಮನುಷ್ಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು.

ಮಾರನೆಯ ದಿನ ಅಟ್ಟದಿಂದ ಒಂದು ಮೂಟೆ ಹಳೆಯ ಪುಸ್ತಕ ಇಳಿಸಿದೆ. ಮುಖ್ಯಪಾತ್ರಕ್ಕೆ ಮದುವೆಯಾಗಿದ್ದರೆ ಒಂದು ರಾಶಿ, ಆಗಿರದಿದ್ದರೆ ಇನ್ನೊಂದು, ಹೀಗೆ ಲೆಕ್ಕ ಹಾಕೋಣ ಎಂದು. ಅರ್ಧ ಗಂಟೆಯೊಳಗೆ ಮೂರನೆಯ ರಾಶಿ ಬೇಕಾಯಿತು: ಇಪ್ಪತ್ತನೇ ಪುಟದೊಳಗೆ ಹೆಂಡತಿ ಸತ್ತವು. ಆಮೇಲೆ ನಾಲ್ಕನೆಯದು: ಕೊನೆಯ ಪುಟದಲ್ಲಿ ತಾಳಿ ಬೀಳುವವು. ಇವನ್ನು ಎಲ್ಲಿಗೆ ಸೇರಿಸುವುದು? ಧೂಳಿಗೆ ಸೀನು ಹತ್ತಿ ಎಣಿಕೆ ಬಿಟ್ಟುಬಿಟ್ಟೆ. ಆದ್ದರಿಂದ ನಿಮಗೆ ಶೇಕಡಾವಾರು ಕೊಡಲಾರೆ. ಯಾವ ರಾಶಿ ಮಂಚಕ್ಕಿಂತ ಎತ್ತರವಾಯಿತು ಎಂದಷ್ಟೇ ಹೇಳಬಲ್ಲೆ, ಅದನ್ನು ನೀವೂ ಊಹಿಸಬಲ್ಲಿರಿ.

ಆಗ ಒಬ್ಬ ಸದಸ್ಯೆಯ ನೆನಪಾಯಿತು. ಐವತ್ತು ದಾಟಿದವರು, ಮಧ್ಯಾಹ್ನ ಎರಡಕ್ಕೆ ಮಿಲ್ಲಿಗೆ ಹಿಟ್ಟು ಮಾಡಿಸಲು ಬರುವಾಗ ಪುಸ್ತಕ ಬದಲಾಯಿಸುತ್ತಿದ್ದರು. ಒಂದು ದಿನ ಪುಸ್ತಕ ಮೇಜಿನ ಮೇಲಿಟ್ಟು, "ಇದರ ಎರಡನೇ ಭಾಗ ಇದ್ಯಾ?" ಎಂದರು. "ಇಲ್ವಲ್ಲಕ್ಕ, ಇದು ಮುಗೀತಲ್ಲ. ಮದುವೆ ಆಯ್ತಲ್ಲ" ಎಂದೆ. "ಮದುವೆ ಆಯ್ತು, ಸರಿ. ಆಮೇಲೆ?" ನಾನು ನಕ್ಕೆ. ಅವರು ನಗಲಿಲ್ಲ.

ಇದು ಮೊದಲಿನಿಂದ ಹೀಗೇ ಇತ್ತೇ ಎಂದು ನೋಡಿದರೆ, ಇಲ್ಲ. ರಾಘವಾಂಕನ ಹರಿಶ್ಚಂದ್ರ ಸಂಸಾರವಂದಿಗ. ಚಂದ್ರಮತಿ ಮತ್ತು ಲೋಹಿತಾಶ್ವರನ್ನು ಆ ಕಾವ್ಯದಿಂದ ತೆಗೆದುಬಿಡಿ, ಉಳಿಯುವುದು ಸಾಲ ತೀರಿಸಲಾಗದ ಒಬ್ಬ ರಾಜ. ಮಗನ ಹೆಣ ಹೊತ್ತು ಬಂದ ಸ್ವಂತ ಹೆಂಡತಿಯ ಹತ್ತಿರ ಸುಡುಗಾಡಿನ ತೆರಿಗೆ ಕೇಳಬೇಕಾಗಿ ಬಂದಾಗಲೇ ಅವನ ಸತ್ಯಕ್ಕೆ ಬೆಲೆ ಬಂದದ್ದು. (ಹೆಂಡತಿಯನ್ನು ಮಾರಿದ ವಿಷಯದಲ್ಲಿ ನನಗೆ ಅವನ ಮೇಲೆ ಬೇರೆಯೇ ಸಿಟ್ಟಿದೆ, ಅದು ಇನ್ನೊಂದು ಪತ್ರಕ್ಕೆ.) ನಳನಿಗೆ ದಮಯಂತಿ ಇದ್ದಳು. ರಾಮನ ಮದುವೆ ಬಾಲಕಾಂಡದಲ್ಲೇ ಮುಗಿದುಹೋಗುತ್ತದೆ, ನಿಜವಾದ ಕತೆ ಶುರುವಾಗುವುದು ಅದಾದ ಮೇಲೆ. ನಮ್ಮ ಹರಿಕತೆಯವರು, ಯಕ್ಷಗಾನದವರು ಇವರನ್ನೆಲ್ಲ ಇಟ್ಟುಕೊಂಡು ರಾತ್ರಿಯಿಡೀ ಜನರನ್ನು ಕೂರಿಸಿದರು. ಸಂಸಾರ ಇದ್ದರೆ ಕತೆ ಓಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾದಂಬರಿ ಬಂದಾಗ ಮದುವೆ ಕೊನೆಗೆ ಸರಿಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರದು. ಎಳೆಯ ವಯಸ್ಸಿಗೇ ವಿಧವೆಯಾದ ಹುಡುಗಿ ಓದು ಕಲಿತು ಮತ್ತೆ ಮದುವೆಯಾಗುತ್ತಾಳೆ. ಅಲ್ಲಿ ಮದುವೆಯೇ ಒಂದು ಸಾಹಸ, ಊರನ್ನೆಲ್ಲ ಎದುರು ಹಾಕಿಕೊಂಡ ಕೆಲಸ. ಅದು ಕೊನೆಗೆ ಬಂದದ್ದು ಸರಿಯೇ. ಆಮೇಲಿನವರು ಆ ಸಾಹಸವನ್ನು ಬಿಟ್ಟು ಮಂಟಪವನ್ನು ಮಾತ್ರ ಉಳಿಸಿಕೊಂಡರು. ಸಿನಿಮಾದವರು ಅದಕ್ಕೆ ಗಟ್ಟಿಮೇಳ ಸೇರಿಸಿ, ಮೇಲೊಂದು 'ಶುಭಂ' ಹಾಕಿದರು.

ಮದುವೆಯಾದ ನಾಯಕ ಇಲ್ಲವೇ ಇಲ್ಲ ಎನ್ನುವುದಿಲ್ಲ. 1972ರ 'ಬಂಗಾರದ ಮನುಷ್ಯ'ದ ರಾಜೀವ ಮದುವೆಯಾಗುತ್ತಾನೆ. ಆದರೆ ಕತೆ ಲಕ್ಷ್ಮಿಯನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಕೊನೆಗೆ ಆತ ಊರು ಬಿಟ್ಟು ನಡೆದುಹೋಗುವಾಗ ಒಬ್ಬನೇ. ನಾವೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡವರೇ, ಈಗಲೂ ಟಿವಿಯಲ್ಲಿ ಬಂದರೆ ಒರೆಸಿಕೊಳ್ಳುತ್ತೇನೆ. 'ಸಂಸ್ಕಾರ'ದ ಪ್ರಾಣೇಶಾಚಾರ್ಯರಿಗೂ ಹೆಂಡತಿ ಇದ್ದಾಳೆ. ಹಾಸಿಗೆ ಹಿಡಿದ ಭಾಗೀರಥಿ. ಆಚಾರ್ಯರು ಗೊತ್ತುಗುರಿಯಿಲ್ಲದೆ ಅಲೆಯಲು ಹೊರಡುವುದು ಆಕೆಯ ಚಿತೆ ಉರಿದ ಮೇಲೆಯೇ. ಇವೆರಡೂ ದೊಡ್ಡ ಕೃತಿಗಳು, ಅಲ್ಲಿಯ ಸಾವುಗಳಿಗೆ ಅವುಗಳದೇ ಕಾರಣಗಳಿವೆ. ಆದರೆ ಇವುಗಳ ನಂತರ ಎಷ್ಟು ಕತೆಗಳಲ್ಲಿ ಹೆಂಡತಿ ಬರೀ ಗೋಡೆಯ ಮೇಲಿನ ಫೋಟೋ ಆದಳು, ಅದಕ್ಕೊಂದು ಗಂಧದ ಹಾರ, ನಾಯಕನಿಗೊಂದು ಸೇಡು! ನಮ್ಮಲ್ಲಿ ಮಾತ್ರ ಹೀಗೆ ಎಂದೂ ಅಲ್ಲ. ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ 1890ರ ಕಾದಂಬರಿಯಲ್ಲಿ ಲೇಖಕರೇ ಹೆಣ್ಣು ಗೊತ್ತು ಮಾಡಿಕೊಟ್ಟರು. ಆಮೇಲೆ ಆತ ಹೋಮ್ಸ್ ಜೊತೆ ಓಡಾಡಬೇಕಾಯಿತಲ್ಲ, ಆಕೆ ತೀರಿಕೊಂಡದ್ದು ಮುಂದೊಂದು ಕತೆಯಲ್ಲಿ ಅರ್ಧ ವಾಕ್ಯದಲ್ಲಿ ತಿಳಿಯುತ್ತದೆ. ವಾಟ್ಸನ್ ಹಳೆಯ ಬಾಡಿಗೆ ಮನೆಗೆ ವಾಪಸ್.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಒಂಟಿ ಮನುಷ್ಯನನ್ನು ಬರೆಯುವುದು ಸುಲಭ. ಹೊರಡಬೇಕೆನಿಸಿದಾಗ ಹೊರಟುಬಿಡುತ್ತಾನೆ. ರಾತ್ರಿ ಬಾರದಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಗ್ಯಾಸ್ ಬುಕ್ ಮಾಡಿದಿರಾ, ಮಗುವಿನ ಸ್ಕೂಲ್ ವ್ಯಾನಿನ ದುಡ್ಡು ಕೊಟ್ಟಿರಾ, ನಿಮ್ಮ ಚಿಕ್ಕಪ್ಪನ ಮಗನ ನಾಮಕರಣಕ್ಕೆ ಏನು ಮುಯ್ಯಿ ಮಾಡೋಣ, ಈ ಒಂದು ಪ್ರಶ್ನೆಯೂ ಅವನಿಗಿಲ್ಲ. ಪ್ರೀತಿ ಹುಟ್ಟಿಸಬೇಕೆಂದರೆ ಬಾಗಿಲು ತೆರೆದೇ ಇರುತ್ತದೆ. ಕೆಲಸ ಬಿಡಿಸಿ ಹಿಮಾಲಯಕ್ಕೆ ಕಳಿಸಬೇಕೆಂದರೂ ತಡೆಯುವವರಿಲ್ಲ. ಹೆಂಡತಿ ಇದ್ದರೆ ಆಕೆ ಏನಾದರೂ ಮಾತಾಡಲೇಬೇಕು. ಮಾತಾಡಿದರೆ ಆಕೆಗೂ ಒಂದು ಬುದ್ಧಿ, ಒಂದು ಹಠ, ಒಂದು ತವರುಮನೆ ಕೊಡಬೇಕು. ಎರಡು ಸಾವಿರ ಪದಗಳಲ್ಲಿ ಇಷ್ಟಕ್ಕೆಲ್ಲ ಜಾಗ ಎಲ್ಲಿ ಎನ್ನುತ್ತೀರಿ. ಒಪ್ಪಿದೆ. ಆದರೆ ಇದು ಬರೆಯುವವರ ಅನುಕೂಲ. ಅದನ್ನೇ ಕತೆಯ ನಿಯಮ ಎಂದು ನನಗೆ ಫೋನಿನಲ್ಲಿ ಹೇಳಿದ್ದಕ್ಕೆ ನನ್ನ ತಕರಾರು.

ಅನುಕೂಲಕ್ಕಾಗಿ ಎಂಥ ಸುಳ್ಳಿಗೆ ಒಪ್ಪಿದ್ದೇವೆ ನೋಡಿ. ಕತೆಯಲ್ಲಿ ನಾಯಕನ ಅಕ್ಕನಿಗೆ ಮದುವೆಯಾಗಿರುತ್ತದೆ, ಗೆಳೆಯನಿಗೆ ಆಗಿರುತ್ತದೆ, ಆಫೀಸಿನ ಜವಾನನಿಗೂ ಆಗಿರುತ್ತದೆ. ನೌಕರಿ ಇರುವ, ಮೂವತ್ತೆರಡು ದಾಟಿದ ನಾಯಕನಿಗೆ ಮಾತ್ರ ಇಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ! ಅಂಥವನೊಬ್ಬ ನಮ್ಮ ಊರಿನ ಒಂದು ಗೃಹಪ್ರವೇಶಕ್ಕೆ ಬಂದು, ಎರಡನೇ ಪಂಕ್ತಿಯಲ್ಲಿ ಕೂತು ಊಟ ಮಾಡಿ, ಜಾತಕ ಕೊಡದೆ ವಾಪಸ್ ಹೋಗಲಿ, ನೋಡೋಣ.

ಧಾರಾವಾಹಿಗಳಲ್ಲಿ ಮದುವೆಯಾದವರೇ ತುಂಬಿದ್ದಾರಲ್ಲ ಎಂದು ನೀವು ಕೇಳಬಹುದು. ಹೌದು, ತುಂಬಿದ್ದಾರೆ. ಎತ್ತಿದ ತಾಳಿ ಕೊರಳಿಗೆ ಇಳಿಯಲು ಒಂದು ವಾರ, ಅದು ಉಳಿಯುತ್ತದೋ ಇಲ್ಲವೋ ಎಂದು ಮೂರು ವರ್ಷ. ಅಲ್ಲಿ ಮದುವೆ ಎನ್ನುವುದು ಒಂದು ಕಾಯಿಲೆ, ಎಲ್ಲರೂ ಅದರ ರೋಗಿಗಳು. ಗಂಭೀರ ಸಾಹಿತ್ಯದಲ್ಲೂ ಮದುವೆಯಾದ ಹೆಣ್ಣು ನಡುವೆ ಬಂದು ನಿಲ್ಲುವುದು ಹೆಚ್ಚಾಗಿ ಮದುವೆಯಿಂದಲೇ ನೊಂದಾಗ. 'ಶರಪಂಜರ'ದ ಕಾವೇರಿ, 'ಗೃಹಭಂಗ'ದ ನಂಜಮ್ಮ. ಆ ಪುಸ್ತಕಗಳನ್ನು ಹೆಂಗಸರು ನನ್ನ ಹತ್ತಿರ ಮತ್ತೆ ಮತ್ತೆ ಕೇಳಿ ಒಯ್ದಿದ್ದಾರೆ, ಬೈಂಡು ಕಿತ್ತುಹೋಗುವಷ್ಟು. ಆ ನೋವನ್ನು ಬರೆಯಲೇಬೇಕಿತ್ತು, ಬರೆದವರಿಗೆ ಕೈಮುಗಿಯುತ್ತೇನೆ. ನಾನು ಕೇಳುತ್ತಿರುವುದು ಬೇರೆ. ಸಂಸಾರ ಸುಮ್ಮನೆ ತನ್ನ ಪಾಡಿಗೆ ಇರುವಾಗಲೂ ಆ ಮನುಷ್ಯರಿಗೆ ಏನಾದರೂ ಆಗುತ್ತದಲ್ಲ. ಅವರೂ ಕಳ್ಳನನ್ನು ಹಿಡಿಯುತ್ತಾರೆ, ಜಮೀನಿನ ಕೇಸು ಗೆಲ್ಲುತ್ತಾರೆ, ನಲವತ್ತೈದಕ್ಕೆ ಈಜು ಕಲಿಯುತ್ತಾರೆ, ದೇವರ ಬಗ್ಗೆ ಅನುಮಾನಪಡುತ್ತಾರೆ. ಅದು ಯಾಕೆ ಕತೆಯಲ್ಲ?

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಈ ಪತ್ರವನ್ನು ಹಳೆಯ ಸದಸ್ಯರೊಬ್ಬರಿಗೆ ಓದಿ ಹೇಳಿದೆ. ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿ ನಿವೃತ್ತರಾದವರು, ಮದುವೆಯಾಗಲಿಲ್ಲ. ಅವರಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟು: "ಆ ಕತೆಗಳಲ್ಲಿ ಇರೋರು ಒಂಟಿಗಳು ಅಂತ ನಿಮಗ್ಯಾರು ಹೇಳಿದ್ದು? ಅವರು ಬಸ್ ಸ್ಟ್ಯಾಂಡಲ್ಲಿ ಕಾಯ್ತಾ ಇರೋರು. ಬಸ್ ಬಂತು, ಹತ್ತಿದ್ರು, ಕತೆ ಮುಗೀತು. ನಾನು ಕಾಯ್ತಾ ಇರಲಿಲ್ಲ. ನನ್ನಂಥೋಳನ್ನ ನಿಮ್ಮ ಕಪಾಟಲ್ಲಿ ಇಪ್ಪತ್ತು ವರ್ಷ ಹುಡುಕಿದೀನಿ." ನಾನು 'ಕಾನೂರು ಹೆಗ್ಗಡಿತಿ'ಯ ಹೂವಯ್ಯನ ಹೆಸರು ಹೇಳಿದೆ. "ಅವನೊಬ್ಬ. ಅದೂ ಗಂಡಸು" ಎಂದರು. ಹಾಗಾದರೆ ನಿಮ್ಮ ಒಂಟಿ ನಾಯಕ, ನಾಯಕಿಯರು ಯಾರ ಕತೆ? ಮದುವೆಯಾದ ನನ್ನದಲ್ಲ, ಆಗದ ಮೇಡಮ್ಮಿನದೂ ಅಲ್ಲ.

ಆಗುವುದಿಲ್ಲ ಎನ್ನಬೇಡಿ, ಆಗಿದೆ. 1993ರಲ್ಲಿ ದೂರದರ್ಶನದಲ್ಲಿ ಬ್ಯೋಮಕೇಶ್ ಬಕ್ಷಿ ಬರುತ್ತಿತ್ತು, ನಾನು ಅಂಗಡಿ ಬೇಗ ಮುಚ್ಚಿಕೊಂಡು ಹೋಗಿ ನೋಡುತ್ತಿದ್ದೆ. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಶುರುಮಾಡಿದ ಪತ್ತೇದಾರ. ಒಂದು ಕೊಲೆಯ ವಿಚಾರಣೆಯಲ್ಲಿ ಕಂಡ ಸತ್ಯವತಿಯನ್ನು ಮದುವೆಯಾಗುತ್ತಾನೆ. ಪತ್ತೇದಾರಿ ಅಲ್ಲಿಗೆ ನಿಲ್ಲುವುದಿಲ್ಲ, ಆಕೆಯನ್ನು ಯಾರೂ ಕೊಲ್ಲುವುದೂ ಇಲ್ಲ. ಮಗುವಾಗುತ್ತದೆ, ಗೆಳೆಯ ಅಜಿತ್ ಅದೇ ಮನೆಯಲ್ಲಿರುತ್ತಾನೆ, ಚಹಾ ಬರುತ್ತದೆ, ಕೊಲೆಗಾರರೂ ಸಿಕ್ಕಿಬೀಳುತ್ತಾರೆ. ಮಲಯಾಳದಿಂದ 2014ರಲ್ಲಿ ಕನ್ನಡಕ್ಕೆ ಬಂದ 'ದೃಶ್ಯ'ದಲ್ಲಿ ಕೇಬಲ್ ಟಿವಿ ಇಟ್ಟುಕೊಂಡ ನಾಯಕನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವರಿಲ್ಲದೆ ಆತನಿಗೆ ಸುಳ್ಳು ಹೇಳುವ ಕಾರಣವೇ ಇಲ್ಲ. ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಕಾರಂತರ 'ಬೆಟ್ಟದ ಜೀವ'. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಹುಂಬ ಮುದುಕ. ಶಂಕರಿ ಇಲ್ಲದೆ ಆತನಿಗೆ ಒಂದು ಮಾತೂ ಪೂರ್ತಿಯಾಗುವುದಿಲ್ಲ. ಮನೆ ಬಿಟ್ಟು ಹೋದ ಮಗನ ನೋವು ಇಬ್ಬರಿಗೂ ಇದೆ, ಒಬ್ಬರಿಗೊಬ್ಬರು ಅದನ್ನು ಮುಚ್ಚಿಟ್ಟುಕೊಳ್ಳುತ್ತ ಬಂದ ಅತಿಥಿಗೆ ಬಡಿಸುತ್ತಾರೆ. ಶಂಕರಿ ಕತೆಯಲ್ಲಿ ಏನು ಮಾಡುತ್ತಿದ್ದಾಳೆ ಎಂದು ಕಾರಂತರಿಗೆ ಯಾರೂ ಫೋನ್ ಮಾಡಲಿಲ್ಲ, ನಮ್ಮ ಪುಣ್ಯ.

ಆದ್ದರಿಂದ ನನ್ನ ಬೇಡಿಕೆ. ತೀರ್ಪುಗಾರರೇ, ಕತೆಯಲ್ಲಿ ಗಂಡನೋ ಹೆಂಡತಿಯೋ ಕಂಡಾಗ 'ಇವರು ಯಾಕೆ' ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವ ಮೊದಲು, ನಾಯಕನ ತಾಯಿಗೂ ಆ ಪ್ರಶ್ನೆ ಕೇಳಿದ್ದೀರಾ ನೋಡಿಕೊಳ್ಳಿ. ಮೂವತ್ತು ವರ್ಷದಿಂದ ಆಕೆ ರೊಟ್ಟಿ ತಟ್ಟುತ್ತಲೇ ಇದ್ದಾಳೆ, ಒಬ್ಬರೂ ಕೇಳಿಲ್ಲ. ಸಂಪಾದಕರೇ, ಒಂದೇ ಒಂದು ವರ್ಷ ಸ್ಪರ್ಧೆಯ ಪ್ರಕಟಣೆಯಲ್ಲಿ 'ಸ್ವಂತ ರಚನೆ ಎಂಬ ದೃಢೀಕರಣ ಕಡ್ಡಾಯ' ಎನ್ನುವುದರ ಕೆಳಗೆ ಇನ್ನೊಂದು ಸಾಲು ಹಾಕಿ: ಮುಖ್ಯಪಾತ್ರಕ್ಕೆ ಮದುವೆಯಾಗಿದ್ದ ಮಾತ್ರಕ್ಕೆ ಕತೆ ಆ ಮದುವೆಯದೇ ಆಗಬೇಕೆಂದಿಲ್ಲ. ಚಿತ್ರಕತೆ ಬರೆಯುವವರೇ, ಹೆಂಡತಿಯನ್ನು ಮೊದಲ ಹತ್ತು ನಿಮಿಷದಲ್ಲಿ ಸಾಯಿಸುವ ಮುನ್ನ ಆಕೆಯನ್ನು ಬದುಕಿಸಿಟ್ಟು ಒಂದು ಸಲ ಬರೆದು ನೋಡಿ. ನಾಯಕ ಸೇಡಿಗೆ ಹೊರಟಾಗ ಆಕೆ ಏನನ್ನುತ್ತಾಳೆ ಕೇಳಿಸಿಕೊಳ್ಳಿ, ನಿಮ್ಮ ಎರಡನೇ ಅರ್ಧದ ತಾಪತ್ರಯ ಅಲ್ಲೇ ತೀರಬಹುದು. ಒಂಟಿಯಾಗಿಯೇ ಬರೆಯುತ್ತೀರಾದರೆ ಮೇಡಮ್ಮಿನ ಪರವಾಗಿ ಕೇಳುತ್ತೇನೆ, ಒಬ್ಬರನ್ನಾದರೂ ಕೊನೆಯವರೆಗೂ ಹಾಗೇ ಬಿಡಿ. ಬಸ್ಸು ಬರಿಸಬೇಡಿ.

ಫೋನ್ ಮಾಡಿದವರಿಗೆ ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. "ಆತ ಏನು ಮಾಡ್ತಿದಾನೆ" ಎಂದರಲ್ಲ, ಈಗ ಹೇಳುತ್ತೇನೆ: ಏನೂ ಮಾಡುತ್ತಿಲ್ಲ ಸರ್, ಇದ್ದಾರೆ. ಈಗಲೂ ಹೊರಗಡೆ ಕೂತು ತೆಂಗಿನಗರಿ ಸೀಳಿ ಪೊರಕೆಕಡ್ಡಿ ಮಾಡುತ್ತಿದ್ದಾರೆ.

ಈ ವರ್ಷದ ಸ್ಪರ್ಧೆಗೆ ಅದೇ ಕತೆಯನ್ನು ಮತ್ತೆ ಟೈಪ್ ಮಾಡಿಸಿದ್ದೇನೆ. ಪದಮಿತಿ ಕಡಿಮೆ ಮಾಡಿದ್ದೀರಿ, ನೂರ ನಲವತ್ತು ಪದ ಕತ್ತರಿಸಬೇಕಾಯಿತು. ಕೆಂಪು ಶಾಯಿಯ ನಿವೃತ್ತರ ಮನೆಗೆ ಸಕ್ಕರೆ ಕೇಳಲು ಹೋದ ಭಾಗ ತೆಗೆದೆ. ಚಿತ್ರಾನ್ನ ಹಾಗೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಲೈಬ್ರರಿಯ ಒಡತಿ
ಅರಸೀಕೆರೆ